ಸೂಜಿಯೊಳಗಿನ ಬುಡಗ

ನಮ್ಮ ಮನೆಗೂ ಪಕ್ಕದ ದೊಡ್ಡಮ್ಮನ ಮನೆಗೂ ನಡುವೆ ಇರೋದು ಎದೆಮಟ್ಟದ ಕಲ್ಲುಚಪ್ಪಡಿ ಸಾಲು. ನಮ್ಮ ಸೀಮೆಯಲ್ಲಿ ನೀರಿಗೆ ಬರ, ಕಲ್ಲಿಗಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ನಾನು ಈ ಕಡೆ ಪಾತ್ರೆ ತೊಳೀತಾ ಇದ್ದರೆ, ದೊಡ್ಡಮ್ಮ ಆ ಕಡೆ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಮುಗಿಸಿರ್ತಾರೆ. ಹೋದ ವಾರ ಒಂದು ದಿನ ನೋಡ್ತೀನಿ, ಅಂಗಳದ ನಡುವೆ ನಿಂತು ಬಲಗೈಯನ್ನ ಎಳೆಬಿಸಿಲಿಗೆ ಎತ್ತಿ ಹಿಡಿದಿದ್ದಾರೆ. ಸೂರ್ಯನಿಗೆ ನಮಸ್ಕಾರ ಅಂದುಕೊಂಡೆ. ಅಲ್ಲ, ಬೆರಳ ಸಂದಿಯಲ್ಲಿ ಸಿರಿಂಜು.

"ಏನು ನೋಡ್ತಿದೀರಾ ದೊಡ್ಡಮ್ಮ?"

"ಬುಡಗ ಐತೆ ತಾಯಿ ಇದ್ರೊಳಗೆ. ಎಷ್ಟು ತಳ್ಳಿದ್ರೂ ಹೋಗ್ತಾ ಇಲ್ಲ. ಇದನ್ನ ಚುಚ್ಕೊಂಡ್ರೆ ಎದೆಗೆ ಹೋಗಿ ಕೂತ್ಕೊಂಡು ಜೀವ ತೆಗೀತೈತಂತೆ, ನಿಜವಾ?"

ಬುಡಗ ಅಂದರೆ ತೆಲುಗಿನಲ್ಲಿ ಗುಳ್ಳೆ. ನಮ್ಮೂರು ನಾಗಲಮಡಿಕೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಓಡಾಡ್ತವೆ. ನಮ್ಮ ತಾಲ್ಲೂಕು ಪಾವಗಡದ ಸುತ್ತ ಬಹುಪಾಲು ಆಂಧ್ರವೇ; ನಮ್ಮ ಜಿಲ್ಲಾ ಕೇಂದ್ರ ತುಮಕೂರಿಗೆ ಹೋಗಬೇಕಾದರೂ ನಾವು ನಡುವೆ ಮಡಕಶಿರಾ ಕಡೆಯ ಆಂಧ್ರದ ಊರುಗಳನ್ನು ದಾಟಿಯೇ ಹೋಗಬೇಕು. ನಮ್ಮೂರ ಹೆಸರೇ ನೋಡಿ: ನಾಗಲಿ ಅಂದರೆ ತೆಲುಗಿನಲ್ಲಿ ನೇಗಿಲು, ಮಡಿಕೆ ಅಂದರೂ ಹಳೆಯ ಒಕ್ಕಲುಮಾತಿನಲ್ಲಿ ನೇಗಿಲೇ. ನಾಗಪ್ಪ ನೇಗಿಲಿಗೆ ಸಿಕ್ಕ ಊರು ಅಂತ ದೇವಸ್ಥಾನದ ಕಡೆಯವರು ಅರ್ಥ ಹೇಳ್ತಾರೆ. ಅದಕ್ಕೆ ಆಮೇಲೆ ಬರ್ತೀನಿ.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಮಾತ್ರೆಗೆ ಬಗ್ಗದೆ ಹೋದಾಗ, ತಿಂಗಳ ಹಿಂದೆ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ಬೆಳಿಗ್ಗೆ 14 ಯೂನಿಟ್, ರಾತ್ರಿ 10. ಬಾಟಲಿ ಒಂದರಲ್ಲಿ 400 ಯೂನಿಟ್ ಇರುತ್ತೆ. ದಿನಕ್ಕೆ 24 ಅಂದರೆ ಹದಿನಾರು ದಿನ ಬರಬೇಕು. ದೊಡ್ಡಮ್ಮನ ಮೊದಲ ಬಾಟಲಿ ಹನ್ನೆರಡೇ ದಿನಕ್ಕೆ ಖಾಲಿ. ಯಾಕೆ ಅಂತ ಆವತ್ತು ಗೊತ್ತಾಯಿತು. ಗುಳ್ಳೆ ಓಡಿಸೋಕೆ ಅಂತ ಪ್ರತಿ ಸಲವೂ ಔಷಧಿಯನ್ನ ತುಳಸಿಕಟ್ಟೆಯ ಮಣ್ಣಿಗೆ ಚಿಮ್ಮಿಸ್ತಾ ಇದ್ದರು. ಎರಡು ರಾತ್ರಿ ಗುಳ್ಳೆ ಹೋಗಲಿಲ್ಲ ಅಂತ ಸೂಜಿಯನ್ನೇ ಹಾಕ್ಕೊಂಡಿಲ್ಲ. ನನಗೆ ಹೆದರಿಕೆಯಾಗಿದ್ದು ಅದನ್ನ ಕೇಳಿ. ಗುಳ್ಳೆ ಅವರನ್ನ ಏನೂ ಮಾಡ್ತಿರಲಿಲ್ಲ. ಸೂಜಿ ಬಿಟ್ಟ ಆ ಎರಡು ರಾತ್ರಿ ಮಾಡ್ತಿತ್ತು.

ಈ ಭಯ ಹುಟ್ಟೋದು ಎಲ್ಲಿಂದ ಅಂತ ನಾನು ಬಹಳ ಸಲ ಯೋಚನೆ ಮಾಡಿದೀನಿ. ಸಿನಿಮಾದ ಪಾಲು ದೊಡ್ಡದು. ಆಸ್ಪತ್ರೆಯಲ್ಲಿ ಮಲಗಿರುವವನ ಹತ್ತಿರ ಖಳನಾಯಕ ಖಾಲಿ ಸಿರಿಂಜು ಹಿಡಿದು ಬರೋದನ್ನ ಕನ್ನಡದಲ್ಲೂ ನೋಡಿದೀವಿ, ತೆಲುಗಿನಲ್ಲೂ ನೋಡಿದೀವಿ. ಆದರೆ ನಮ್ಮ ತಾಲ್ಲೂಕಿನವರಿಗೆ ಇನ್ನೊಂದು ಕಾರಣವೂ ಇದೆ ಅಂತ ನನಗನ್ನಿಸುತ್ತೆ. ಕೊಳವೆಬಾವಿ ಬತ್ತುವ ಮುಂಚೆ ಪೈಪಿನಲ್ಲಿ ಮೊದಲು ಬರೋದು ಗಾಳಿ. ನೀರು ಬರ್ತಾ ಬರ್ತಾ ಬುಸ್ಸಂತ ಉಗುಳಿ, ಒಂದು ಗಳಿಗೆ ನಿಂತು, ಮತ್ತೆ ಉಗುಳಿದರೆ ಮನೆಯೋರೆಲ್ಲ ಮೋಟರಿನ ಹತ್ತಿರ ಓಡಿಹೋಗ್ತಾರೆ. "ಬೋರು ಗಾಳಿ ಹೊಡೀತೈತೆ" ಅನ್ನೋ ಮಾತು ಇಲ್ಲಿ ಸಾವಿನ ಸುದ್ದಿಯಷ್ಟೇ ಭಾರ. ಹಾಗಿರುವಾಗ, ಪ್ರಾಣ ಉಳಿಸೋ ಔಷಧಿಯ ಕೊಳವೆಯಲ್ಲಿ ಗಾಳಿ ಕಂಡರೆ ದೊಡ್ಡಮ್ಮನ ಎದೆ ಧಸಕ್ ಅನ್ನೋದು ಸಹಜ.

ನಾನು ಸೀರೆ ಸೆರಗಿಗೆ ಕೈ ಒರೆಸಿಕೊಂಡು ಆ ಕಡೆಗೆ ಹೋದೆ. ಮೊದಲು ಹೇಳಿದ್ದು ಇಷ್ಟು: "ದೊಡ್ಡಮ್ಮ, ಗಾಳಿ ಅಪಾಯ ಆಗೋದು ರಕ್ತನಾಳದೊಳಕ್ಕೆ ಹೋದರೆ. ಅದೂ ಸಾಸಿವೆಯಷ್ಟಲ್ಲ, ಜಾಸ್ತಿ ಹೋದರೆ. ಆಗ ಅದು ಹೃದಯದ ಹತ್ತಿರ ರಕ್ತದ ದಾರಿಗೆ ಅಡ್ಡ ನಿಲ್ಲುತ್ತೆ. ಗ್ಲೂಕೋಸ್ ಹಾಕುವಾಗ ನರ್ಸಮ್ಮ ಪೈಪಿನ ಗಾಳಿ ಬಿಡೋದು ಅದಕ್ಕೇ. ನೀವು ಚುಚ್ಕೊಳ್ತಿರೋದು ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬಿಗೆ. ಅಲ್ಲಿಗೆ ಹೋದ ಚೂರು ಗಾಳಿಯನ್ನ ಮೈಯೇ ಹೀರ್ಕೊಂಡು ಬಿಡುತ್ತೆ."

"ಹಂಗಾದ್ರೆ ಬುಡಗ ಇದ್ರೂ ಚುಚ್ಕೊಬೋದಾ?"

ಇಲ್ಲೇ ಮಾತು ಸೂಕ್ಷ್ಮ. ಬಹಳ ಜನ "ಏನೂ ಆಗಲ್ಲ ಬಿಡಿ" ಅಂತ ಇಷ್ಟಕ್ಕೇ ನಿಲ್ಲಿಸಿಬಿಡ್ತಾರೆ. ಅದು ಅರ್ಧ ಸತ್ಯ. ಗುಳ್ಳೆ ಜೀವ ತೆಗೆಯೋದಿಲ್ಲ, ಔಷಧಿಯ ಜಾಗ ತಿನ್ನುತ್ತೆ. ಸಿರಿಂಜಿನ ಮೇಲಿನ ಗೆರೆ ಹದಿನಾಲ್ಕು ತೋರಿಸ್ತಾ ಇರುತ್ತೆ, ಒಳಗೆ ಇರೋದು ಹದಿಮೂರೋ ಹನ್ನೆರಡೂವರೆಯೋ. ಉಳಿದದ್ದು ಗಾಳಿ. ಅಂಗಡಿಯವನು ಸೇರಿನ ತಳಕ್ಕೆ ಬಟ್ಟೆ ತುರುಕಿ ರಾಗಿ ಅಳೆದ ಹಾಗೆ.

ಎಷ್ಟು ತಿನ್ನುತ್ತೆ ಅನ್ನೋದನ್ನ ಲೆಕ್ಕ ಹಾಕಿಯೇ ಹೇಳಿದೆ. ನಮ್ಮ ಕಡೆ ಸಿಗುವ ಮಾಮೂಲಿ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅಂದರೆ ಒಂದು ಯೂನಿಟ್ ಒಂದು ಮಿಲಿಯಲ್ಲಿ ನಲವತ್ತನೇ ಒಂದು ಪಾಲು. ಎರಡು ಮಿಲಿಮೀಟರ್ ಅಗಲದ ಸಾಸಿವೆ ಗಾತ್ರದ ಗುಳ್ಳೆ ಕದಿಯೋದು ಒಂದು ಯೂನಿಟ್ಟಿನ ಆರನೇ ಒಂದು ಪಾಲು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕು ಮಿಲಿಮೀಟರಿನ ಹೆಸರುಕಾಳಿನಷ್ಟು ದಪ್ಪ ಗುಳ್ಳೆಯಾದರೆ ಒಂದೂಕಾಲು ಯೂನಿಟ್ಟಿಗಿಂತ ಹೆಚ್ಚೇ ಹೋಯಿತು. ರಾತ್ರಿಯ ಹತ್ತರಲ್ಲಿ ಎಂಟೂಮುಕ್ಕಾಲು ಕೂಡ ಮೈಗೆ ಸೇರಲಿಲ್ಲ. ದಿನಾ ಒಂದೇ ಊಟ, ಒಂದೇ ಕೆಲಸ, ಆದರೂ ಒಂದು ದಿನ ಸಕ್ಕರೆ 150, ಇನ್ನೊಂದು ದಿನ 220 ಅಂತ ಕುಣಿಯೋಕೆ ಇದೂ ಒಂದು ಕಾರಣ ಆಗಬಹುದು. ಡಾಕ್ಟರು ಪುಸ್ತಕದಲ್ಲಿ ಅಂಕಿ ನೋಡಿ ಡೋಸು ಸಾಲದು ಅಂತ ಏರಿಸ್ತಾರೆ. ಗುಳ್ಳೆ ಇಲ್ಲದ ದಿನ ಅದೇ ಡೋಸು ಜಾಸ್ತಿಯಾಗಿ ಕಣ್ಣು ಕತ್ತಲೆ ಬರುತ್ತೆ.

ದೊಡ್ಡಮ್ಮನಂಥವರಿಗೇ ಹೀಗಾದರೆ, ಚಿಕ್ಕ ಮಕ್ಕಳ ಗತಿ ಯೋಚಿಸಿ. ಹುಟ್ಟಿದ ಕೆಲವೇ ವರ್ಷಕ್ಕೆ ಸಕ್ಕರೆ ಕಾಯಿಲೆ ಬರುವ ಮಕ್ಕಳಿದ್ದಾರೆ. ಅವರಿಗೆ ಒಂದು ಹೊತ್ತಿಗೆ ಎರಡು ಯೂನಿಟ್ ಕೊಡೋದುಂಟು. ಅದೇ ಹೆಸರುಕಾಳಿನ ಗುಳ್ಳೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಔಷಧಿಯನ್ನ ನುಂಗಿಬಿಡುತ್ತೆ. ಆ ಮಕ್ಕಳ ತಾಯಂದಿರು ಗುಳ್ಳೆಯನ್ನ ದುರ್ಬೀನು ಹಾಕ್ಕೊಂಡು ಹುಡುಕಿದರೂ ತಪ್ಪಿಲ್ಲ.

ಅವತ್ತು ಪಾತ್ರೆ ಹಾಗೇ ಬಿಟ್ಟು, ದೊಡ್ಡಮ್ಮನ ಪಡಸಾಲೆಯ ಕಟ್ಟೆ ಮೇಲೆ ಇಬ್ಬರೂ ಕೂತೆವು. ಕೈಯಲ್ಲಿದ್ದ ಸಿರಿಂಜನ್ನ ಬದಿಗಿಡಿಸಿ ಹೊಸದು ತೆಗೆಸಿದೆ. "ನಾನು ಮುಟ್ಟಲ್ಲ, ನೀವೇ ಮಾಡಬೇಕು" ಅಂದೆ.

ಮೊದಲು ಬಾಟಲಿ. ದೊಡ್ಡಮ್ಮನದು ಹಾಲಿನ ಬಣ್ಣದ ಇನ್ಸುಲಿನ್. ಇಟ್ಟಲ್ಲೇ ಇಟ್ಟರೆ ಬಿಳೀದು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತೆ. ಅದನ್ನ ಅವರು ಕೆಮ್ಮಿನ ಸಿರಪ್ಪಿನ ಹಾಗೆ ಗಡಗಡ ಅಲ್ಲಾಡಿಸ್ತಾ ಇದ್ದರು. ಅರ್ಧ ಗುಳ್ಳೆ ಹುಟ್ಟಿದ್ದೇ ಅಲ್ಲಿ. ಮಜ್ಜಿಗೆ ಕಡೆದರೆ ನೊರೆ ಬರದೆ ಇರುತ್ತಾ? "ಬತ್ತಿ ಹೊಸೆಯೋ ಹಂಗೆ ದೊಡ್ಡಮ್ಮ" ಅಂದೆ. ಅಷ್ಟೇ ಸಾಕಾಯಿತು. ಕಾರ್ತೀಕಕ್ಕೆ ಲಕ್ಷ ಬತ್ತಿ ಹೊಸೆದ ಕೈಗಳು ಅವು. ಎರಡು ಅಂಗೈ ನಡುವೆ ಬಾಟಲಿಯನ್ನ ಅಡ್ಡ ಹಿಡಿದು ಮೆತ್ತಗೆ ಹತ್ತು ಸಲ ಉರುಳಿಸಿದರು, ಆಮೇಲೆ ಹತ್ತು ಸಲ ತಲೆಕೆಳಗು ಮಾಡಿ ನೆಟ್ಟಗೆ ಮಾಡಿದರು. ನೊರೆ ಇಲ್ಲದೆ ಎಲ್ಲಾ ಒಂದೇ ಸಮ ಬಿಳಿಯಾಯಿತು.

ಆಮೇಲೆ ಸ್ಪಿರಿಟ್ ಹತ್ತಿಯಿಂದ ರಬ್ಬರ್ ಮುಚ್ಚಳ ಒರೆಸಿ, ಸಿರಿಂಜಿಗೆ ಹದಿನಾಲ್ಕರ ಗೆರೆವರೆಗೆ ಬರೀ ಗಾಳಿ ಎಳೆಯಿರಿ ಅಂದೆ. ದೊಡ್ಡಮ್ಮ ನನ್ನ ಮುಖ ನೋಡಿದರು. "ಗಾಳಿ ಬ್ಯಾಡ ಅಂತ ನಾನು ಬಡ್ಕೊತಿದ್ರೆ ನೀನು ಗಾಳಿ ತುಂಬು ಅಂತೀಯಲ್ಲ!" ನ್ಯಾಯವಾದ ಪ್ರಶ್ನೆ. ಮುಚ್ಚಿದ ಬಾಟಲಿಯಿಂದ ಔಷಧಿ ಹೊರಗೆ ಬಂದರೆ ಅಷ್ಟು ಜಾಗ ಒಳಗೆ ಖಾಲಿ ಆಗಬೇಕು. ಆ ಜಾಗಕ್ಕೆ ನಾವು ಗಾಳಿ ಕೊಡದೆ ಹೋದರೆ ಬಾಟಲಿ ಒಳಗಿಂದ ಜಗ್ಗುತ್ತೆ. ಹಿಡಿಕೆ ಬಿಗಿಯಾಗುತ್ತೆ, ಎಳೆದಷ್ಟೂ ಔಷಧಿಯ ಜೊತೆ ಗುಳ್ಳೆ ಸೇರಿ ಬರುತ್ತೆ. ಎಷ್ಟು ಔಷಧಿ ತೆಗೀಬೇಕೋ ಅಷ್ಟು ಗಾಳಿ ಮೊದಲೇ ಒಳಗೆ ಹಾಕಿದರೆ ಸಲೀಸಾಗಿ ಇಳಿಯುತ್ತೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಗೊಳಗೊಳ ಅಂತ ತಡೆದು ತಡೆದು ಬರುತ್ತೆ, ಎದುರಿಗೆ ಇನ್ನೊಂದು ತೂತು ಹೊಡೆದರೆ ಧಾರೆ ಸರಾಗ. ಇದನ್ನ ಹೇಳಿದ ಮೇಲೆ ದೊಡ್ಡಮ್ಮ ಮಾತಿಲ್ಲದೆ ಗಾಳಿ ಎಳೆದರು.

ಬಾಟಲಿ ನೆಟ್ಟಗೆ ಇಟ್ಟು ಸೂಜಿ ಚುಚ್ಚಿ ಗಾಳಿ ತಳ್ಳಿದರು. ಸೂಜಿ ತೆಗೆಯದೆ ಬಾಟಲಿ ತಲೆಕೆಳಗು. ಈಗ ನಿಧಾನಕ್ಕೆ ಎಳೆತ. ಹದಿನಾಲ್ಕಕ್ಕೆ ನಿಲ್ಲಿಸದೆ ಹದಿನಾರಕ್ಕೆ ಬನ್ನಿ ಅಂದೆ. ಒಂದು ದಪ್ಪ ಗುಳ್ಳೆ ಬಂತು, ಅದರ ಪಕ್ಕ ಎರಡು ಪುಟಾಣಿ. ಸೂಜಿ ಇನ್ನೂ ಬಾಟಲಿಯೊಳಗೇ, ಸಿರಿಂಜು ನೆಟ್ಟಗೆ, ಸೂಜಿ ಮೇಲ್ಮುಖ. ತೋರುಬೆರಳಿನ ಉಗುರಿನಿಂದ ಸಿರಿಂಜಿನ ಪಕ್ಕಕ್ಕೆ ಟಕ್ ಟಕ್ ಅಂತ ಮೀಟಿದರು. ಗೋಡೆಗೆ ಅಂಟಿದ್ದ ಪುಟಾಣಿಗಳು ಬಿಡಿಸಿಕೊಂಡು ಮೇಲೆದ್ದು ದೊಡ್ಡದರ ಜೊತೆ ಸೇರಿಕೊಂಡವು. ಈಗ ಹಿಡಿಕೆಯನ್ನ ಮೆಲ್ಲಗೆ ಮೇಲಕ್ಕೆ ಒತ್ತಿದರೆ ಗುಳ್ಳೆ ಬಾಟಲಿಯೊಳಕ್ಕೇ ವಾಪಸು. ಒಂದು ತೊಟ್ಟೂ ತುಳಸಿಕಟ್ಟೆಗೆ ಹೋಗಲಿಲ್ಲ. ಕಪ್ಪು ರಬ್ಬರಿನ ಮೇಲಂಚು ಸರಿಯಾಗಿ ಹದಿನಾಲ್ಕರ ಗೆರೆಗೆ ಬಂದು ನಿಂತಿತು. ಒಂದು ರಾಗಿಕಾಳಿಗಿಂತ ಚಿಕ್ಕದೊಂದು ಚುಕ್ಕೆ ಉಳಿದಿತ್ತು. "ಇದನ್ನ ಬಿಟ್ಟುಬಿಡಿ. ಇದು ಏನೂ ಕದಿಯಲ್ಲ" ಅಂದೆ.

ದೊಡ್ಡಮ್ಮ ಸಿರಿಂಜನ್ನ ಕಣ್ಣಿನ ಹತ್ತಿರ ತಂದು ನೋಡಿದರು. ಪಾವಗಡದ ರಾಮಕೃಷ್ಣ ಸೇವಾಶ್ರಮದವರು ನಡೆಸುವ ಶಾರದಾದೇವಿ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಕಣ್ಣು. ಗೆರೆ ಚೆನ್ನಾಗಿಯೇ ಕಾಣುತ್ತೆ ಅಂದರು. ಸಕ್ಕರೆ ಇರುವವರಿಗೆ ಕಣ್ಣು ಮಂಜಾದರೆ ಹದಿನಾಲ್ಕು ಯಾವುದು ಹತ್ತು ಯಾವುದು ಅನ್ನೋದೇ ಗೊತ್ತಾಗಲ್ಲ, ಇನ್ನು ಗುಳ್ಳೆ ಎಲ್ಲಿ ಕಾಣಬೇಕು. ಕಣ್ಣಿನ ಕೆಲಸ ಮೊದಲು, ಸೂಜಿಯ ಪಾಠ ಆಮೇಲೆ.

ಬಾಟಲಿಯಲ್ಲಿ ಔಷಧಿ ತಳ ಕಂಡಾಗ ಇನ್ನೊಂದು ತೊಂದರೆ ಇದೆ, ಅದನ್ನೂ ಹೇಳಿದೆ. ತಲೆಕೆಳಗಾದ ಬಾಟಲಿಯಲ್ಲಿ ಸೂಜಿಯ ತುದಿ ಔಷಧಿಯ ಮಟ್ಟದಿಂದ ಮೇಲೆ ಹೋದರೆ ಅದು ಎಳೆಯೋದೆಲ್ಲ ಗಾಳಿಯೇ. ಇದನ್ನ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಮಟ್ಟ ಮೋಟರಿಗಿಂತ ಕೆಳಗೆ ಹೋದ ಬೋರಿನ ಕಥೆಯೇ ಅದು. ಬೋರಿನಲ್ಲಾದರೆ ಪೈಪು ಇಳಿಸ್ತೀವಿ. ಇಲ್ಲೂ ಸೂಜಿಯನ್ನ ಸ್ವಲ್ಪ ಹಿಂದಕ್ಕೆ ಎಳೆದು ತುದಿಯನ್ನ ಔಷಧಿಯೊಳಗೆ ಮುಳುಗಿಸಬೇಕು, ಅಷ್ಟೇ.

ಇಷ್ಟೆಲ್ಲ ಗೊತ್ತಿರೋದು ನನಗೂ ಒಂದು ಕಾಲದಲ್ಲಿ ಯಾರೂ ಹೇಳದೆ ಇದ್ದಿದ್ದರಿಂದ. ಒಂಬತ್ತು ವರ್ಷದ ಹಿಂದೆ ನನಗೆ ಇನ್ಸುಲಿನ್ ಬರೆದುಕೊಟ್ಟ ಕಡೆ ಚೀಟಿಯಲ್ಲಿ ಬೆಳಿಗ್ಗೆ ಇಷ್ಟು ರಾತ್ರಿ ಇಷ್ಟು ಅಂತ ಬರೆದಿದ್ದರು. ಎಳೆಯೋದು ಹೇಗೆ, ಗುಳ್ಳೆ ಬಂದರೆ ಏನು, ಒಂದು ಮಾತಿಲ್ಲ. ಮನೆಗೆ ಬಂದು ಬಾಟಲಿ ಬಿಚ್ಚಿದರೆ ಮೊದಲ ಸಲವೇ ಗುಳ್ಳೆ. ನಾಲ್ಕು ದಿನ ಸೂಜಿ ಹಾಕ್ಕೊಳ್ಳದೆ ಸುಮ್ಮನೆ ಕೂತಿದ್ದೆ. ಐದನೇ ದಿನ ಬಾಯಿ ಒಣಗಿ, ಕಾಲು ಎತ್ತಿಡೋಕಾಗದೆ, ಮತ್ತೆ ಆಸ್ಪತ್ರೆಗೆ ಹೋದೆ. ಗುಳ್ಳೆಯ ಭಯಕ್ಕೆ ಅಂತ ಹೇಳೋಕೆ ನಾಚಿಕೆಯಾಗಿ, ಮರೆತೆ ಅಂದೆ. ದೊಡ್ಡಮ್ಮನ ಕೈ ಬಿಸಿಲಿಗೆ ಎತ್ತಿದ್ದನ್ನ ಕಂಡಾಗ ನನಗೆ ನೆನಪಾದದ್ದು ಆ ನಾಲ್ಕು ದಿನ.

ನಮ್ಮ ಮಾತಿನಲ್ಲೇ ನೋಡಿ, ಸೂಜಿ "ಹಾಕಿಸ್ಕೊಳ್ಳೋದು" ಅಂತೀವಿ, "ಹಾಕ್ಕೊಳ್ಳೋದು" ಅಂತ ಅಲ್ಲ. ಸೂಜಿ ಅಂದರೆ ಯಾವತ್ತೂ ಇನ್ನೊಬ್ಬರ ಕೈಯ ಕೆಲಸ. ನಮ್ಮ ಚಿಕ್ಕಂದಿನಲ್ಲಿ ಕಂಪೌಂಡರು ಗಾಜಿನ ಸಿರಿಂಜನ್ನ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಕುದಿಸಿ, ಇಕ್ಕಳದಲ್ಲಿ ತೆಗೆದು, ಔಷಧಿ ಎಳೆದು, ಮೇಲಕ್ಕೆ ಒಂದು ತೊಟ್ಟು ಚಿಮ್ಮಿಸೋದನ್ನ ಕಣ್ಣು ಮಿಟುಕಿಸದೆ ನೋಡ್ತಾ ಇದ್ದೆವು. ಆ ಚಿಮ್ಮಿಸೋದು ಗಾಳಿ ಬಿಡೋದು ಅಂತ ಆಗ ಯಾರಿಗೆ ಗೊತ್ತು? ಆ "ಸು" ಅನ್ನೋ ಒಂದು ಅಕ್ಷರ ಕಳಚಿಕೊಂಡು ಸೂಜಿ ನಮ್ಮ ಕೈಗೇ ಬಂದಾಗ, ಆ ಒಂದು ತೊಟ್ಟಿನ ಗುಟ್ಟೂ ನಮಗೆ ಬರಬೇಕಿತ್ತು. ಸೂಜಿ ಬಂತು, ಗುಟ್ಟು ಆಸ್ಪತ್ರೆಯಲ್ಲೇ ಉಳಿಯಿತು.

ನೇಗಿಲಿನ ಕಥೆ ಈಗ ಹೇಳ್ತೀನಿ. ನಮ್ಮ ಸುಬ್ರಹ್ಮಣ್ಯಸ್ವಾಮಿಯದು ಅಂತ್ಯ ಕ್ಷೇತ್ರ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ. ವರ್ಷಾವರ್ಷ ಕುಕ್ಕೆಯ ತೇರಿಗೆ ನಡೆದು ಹೋಗ್ತಿದ್ದ ಒಬ್ಬ ಭಕ್ತರಿಗೆ ವಯಸ್ಸಾಗಿ ಹೋಗೋಕಾಗದೆ ಹೋದಾಗ, ಸ್ವಾಮಿ ಕನಸಿನಲ್ಲಿ ಬಂದು ನಾನೇ ನಿನ್ನ ಹತ್ತಿರ ಬರ್ತೀನಿ ಅಂದನಂತೆ. ಆಮೇಲೆ ಉತ್ತರ ಪಿನಾಕಿನಿಯ ದಡದಲ್ಲಿ ಉಳುವಾಗ ನೇಗಿಲಿಗೆ ನಾಗಶಿಲೆ ಸಿಕ್ಕಿತಂತೆ. ಅವತ್ತು ಇದನ್ನ ದೊಡ್ಡಮ್ಮನೇ ನೆನಪು ಮಾಡಿದರು. "ಮುದುಕನ್ನ ಅಷ್ಟು ದೂರ ಯಾಕೆ ನಡೆಸ್ಬೇಕು ಅಂತ ದೇವ್ರೇ ಬಂದ. ದಿನಾ ಎರಡು ಸಲ ಪಾವಗಡದ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಕೊಂಡು ಬಾ ಅಂದಿದ್ರೆ ನನ್ನ ಕೈಲಿ ಆಗ್ತಿತ್ತಾ? ಮದ್ದು ಮನೆಗೇ ಬಂದೈತೆ." ಅಂಥ ಮಾತು ನನಗೆ ಹೊಳೆಯುತ್ತಿರಲಿಲ್ಲ.

ಈ ಮದ್ದು ಇಷ್ಟು ದೂರ ಬಂದ ಹಾದಿಯನ್ನೂ ಅವರಿಗೆ ಹೇಳಿದೆ. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಅನ್ನೋರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿ 11ಕ್ಕೆ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸೂಜಿ. ಔಷಧಿ ಶುದ್ಧವಾಗಿರಲಿಲ್ಲ, ಗುಣ ಕಾಣಲಿಲ್ಲ. ಕಾಲಿಪ್ ಅನ್ನೋರು ಅದನ್ನ ಶುದ್ಧ ಮಾಡಿಕೊಟ್ಟ ಮೇಲೆ, ಹನ್ನೆರಡು ದಿನ ಬಿಟ್ಟು ಮತ್ತೆ ಹಾಕಿದಾಗ ಹುಡುಗ ಚೇತರಿಸಿಕೊಂಡ. ಪೇಟೆಂಟನ್ನ ಅವರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. "ಒಂದು ಡಾಲರಿಗಾ?" ಅಂತ ದೊಡ್ಡಮ್ಮ ಎರಡು ಸಲ ಕೇಳಿದರು. ಅವರ ಮಕ್ಕಳು ಚೆನ್ನಾಗಿರಲಿ ಅಂತ ಹರಸಿದರು. ಇವತ್ತು ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಎಲ್ಲರಿಗೂ ಸೂಜಿ ಬೇಕಾಗಲ್ಲ, ಆದರೆ ಬೇಕಾದವರಲ್ಲಿ ಎಷ್ಟು ಜನ ಬಿಸಿಲಿಗೆ ಹಿಡಿದು ನೋಡ್ತಿದ್ದಾರೋ.

ಬಿಸಿಲು ಅಂದಾಗ ನೆನಪಾಯಿತು. ನಮ್ಮ ಹೋಬಳಿಯ ಬಿಸಿಲು ಎಂಥದು ಅಂತ ತಿರುಮಣಿಯ ಸೋಲಾರ್ ಪಾರ್ಕೇ ಹೇಳುತ್ತೆ: ಐದು ಊರಿನ 13 ಸಾವಿರ ಎಕರೆ, 2,050 ಮೆಗಾವಾಟ್. ಇನ್ಸುಲಿನ್‌ಗೆ ಆ ಬಿಸಿಲು ಆಗದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಬೇಡವೇ ಬೇಡ. ಫ್ರಿಜ್ಜು ಇಲ್ಲದ ಮನೆಯಲ್ಲಿ ಹೊಳೆಯ ಮರಳು ಕೆಲಸಕ್ಕೆ ಬರುತ್ತೆ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ, ಒಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ ಇಟ್ಟು, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡೋದು. ನಮ್ಮದು ಒಣಹವೆ, ನೀರು ಬೇಗ ಆರುತ್ತೆ, ಒಳಗೆ ತಂಪೂ ಚೆನ್ನಾಗಿ ಕೂರುತ್ತೆ. ಗಡಿಯಿಲ್ಲದ ವೈದ್ಯರ ಸಂಸ್ಥೆಯೂ ಜಿನೀವಾ ವಿಶ್ವವಿದ್ಯಾಲಯವೂ ಸೇರಿ ಕೀನ್ಯಾದ ನಿರಾಶ್ರಿತರ ಶಿಬಿರದ ಬಿಸಿಯನ್ನ ಅಳೆದು ಪರೀಕ್ಷಿಸಿ, 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ಇನ್ಸುಲಿನ್ ನಾಲ್ಕು ವಾರ ಕೆಡಲಿಲ್ಲ ಅಂತ 2021ರಲ್ಲಿ ತಿಳಿಸಿದರು. ಫ್ರಿಜ್ಜಿಲ್ಲ ಅಂತ ಸೂಜಿಯೇ ಬೇಡ ಅನ್ನುವವರಿಗೆ ಇದನ್ನ ಹೇಳಬೇಕು.

ಬಿಸಿ ತಂಪಿಗೂ ಗುಳ್ಳೆಗೂ ಸಂಬಂಧ ಇದೆ. ಸಿರಿಂಜಿನ ಬದಲು ಇನ್ಸುಲಿನ್ ಪೆನ್ನು ಬಳಸುವವರು ಸೂಜಿಯನ್ನ ಪೆನ್ನಿಗೇ ಸಿಕ್ಕಿಸಿ ಬಿಟ್ಟಿರ್ತಾರೆ. ಬಿಸಿಯಾದಾಗ ಔಷಧಿ ಹಿಗ್ಗಿ ತೊಟ್ಟು ತೊಟ್ಟು ಸೋರುತ್ತೆ, ತಂಪಾದಾಗ ಕುಗ್ಗಿ ಅದೇ ಸೂಜಿಯ ತೂತಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಚುಚ್ಕೊಂಡ ತಕ್ಷಣ ಸೂಜಿ ಬಿಚ್ಚಿಡಬೇಕು. ಪೆನ್ನಿನಲ್ಲಿ ಚುಚ್ಕೊಳ್ಳುವ ಮುಂಚೆ ಎರಡು ಯೂನಿಟ್ ತಿರುಗಿಸಿ, ಸೂಜಿ ಮೇಲಕ್ಕೆ ಹಿಡಿದು ಒತ್ತಿದರೆ ತುದಿಯಲ್ಲಿ ಒಂದು ತೊಟ್ಟು ಕಾಣಬೇಕು. ಕಾಣದಿದ್ದರೆ ಮತ್ತೊಮ್ಮೆ. ಆ ಎರಡು ಯೂನಿಟ್ ದಂಡ ಅಂತ ಉಳಿಸೋಕೆ ಹೋಗಬಾರದು.

ದೊಡ್ಡಮ್ಮನ ಮಗ ಪೆನಗೊಂಡೆಯಿಂದ ಒಂದು ಕಟ್ಟು ಸಿರಿಂಜು ತಂದುಕೊಟ್ಟಿದ್ದ. ಅದನ್ನ ನೋಡಿದ ಮೇಲೆ ನನಗೆ ಗುಳ್ಳೆಯ ಚಿಂತೆ ಮರೆತೇ ಹೋಯಿತು. ಕಟ್ಟಿನಲ್ಲಿ ಕೆಲವಕ್ಕೆ ಕೆಂಪು ಕ್ಯಾಪು, ಕೆಲವಕ್ಕೆ ಕಿತ್ತಳೆ. ಕೆಂಪು ಕ್ಯಾಪಿನದು 40ರ ಬಾಟಲಿಗೆ, ಕಿತ್ತಳೆಯದು 100ರ ಬಾಟಲಿಗೆ. 40ರ ಔಷಧಿಯನ್ನ ಕಿತ್ತಳೆ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಮೈಗೆ ಹೋಗೋದು ಅರ್ಧಕ್ಕಿಂತ ಕಮ್ಮಿ. 100ರದನ್ನ ಕೆಂಪಿನಲ್ಲಿ ಎಳೆದರೆ ಎರಡೂವರೆ ಪಟ್ಟು! ಹೆಸರುಕಾಳಿನ ಗುಳ್ಳೆ ಒಂದೂಕಾಲು ಯೂನಿಟ್ ಕದ್ದರೆ ಈ ತಪ್ಪು ಜೀವವನ್ನೇ ಕದಿಯಬಹುದು. ಕಿತ್ತಳೆಯವನ್ನೆಲ್ಲ ಆರಿಸಿ ಬೇರೆ ಕಟ್ಟಿ ಅಂಗಡಿಗೆ ವಾಪಸು ಕೊಡೋಕೆ ಹೇಳಿದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯಾ ಅಂತ ಕೊಳ್ಳುವಾಗಲೇ ನೋಡಬೇಕು.

ಇಷ್ಟರಲ್ಲಿ ದೊಡ್ಡಮ್ಮನ ತಮ್ಮ ಕೋಲೂರಿಕೊಂಡು ಪಡಸಾಲೆಗೆ ಬಂದರು. ಬೆಂಗಳೂರಿನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಅಕ್ಕನ ಮನೆಯಲ್ಲಿ ಸುಧಾರಿಸಿಕೊಳ್ತಿದ್ದಾರೆ. ಅವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಸೂಜಿ, ಔಷಧಿ ಮೊದಲೇ ತುಂಬಿರುವಂಥದು, ಹೊಟ್ಟೆಗೇ. "ನಂದ್ರಲ್ಲೂ ಗಾಳಿ ಐತೆ ಕಣಮ್ಮ, ನಾನೂ ಹಿಂಗೇ ಮೀಟಿ ಹೊರಗೆ ಬಿಡ್ಲಾ?" ಅಂದರು. ಬೇಡ ಅಂತ ತಡೆದೆ. ಆ ಥರದ ತುಂಬಿದ ಸಿರಿಂಜಿನಲ್ಲಿ ಗುಳ್ಳೆಯನ್ನ ಕಂಪನಿಯವರೇ ಬಿಟ್ಟಿರ್ತಾರೆ. ಪೂರ್ತಿ ಡೋಸು ಹಾಕ್ಕೊಳ್ಳುವಾಗ ಅದನ್ನ ಹೊರಗೆ ತಳ್ಳೋಕೆ ಹೋದರೆ ಔಷಧಿ ನಷ್ಟ. ಸೂಜಿ ಕೆಳಮುಖವಾಗಿ ಇಟ್ಟು ಚುಚ್ಚಿದಾಗ ಗುಳ್ಳೆ ಮೇಲೆ ನಿಂತು, ಕೊನೆಯ ತೊಟ್ಟಿನವರೆಗೂ ಔಷಧಿಯನ್ನ ಮುಂದಕ್ಕೆ ತಳ್ಳುತ್ತೆ. ಒಂದೇ ಪಡಸಾಲೆ, ಒಂದೇ ಹೊಟ್ಟೆಯ ಅಕ್ಕ ತಮ್ಮ. ಅಕ್ಕ ಗುಳ್ಳೆ ತೆಗೀಬೇಕು, ತಮ್ಮ ಬಿಡಬೇಕು. ಅದಕ್ಕೇ ಹೇಳೋದು, ಅವರಿವರ ಸೂಜಿ ನೋಡಿ ಕಲಿಯೋದಲ್ಲ, ನಮ್ಮ ಸೂಜಿಯ ಡಬ್ಬದಲ್ಲಿರುವ ಚೀಟಿಯನ್ನ ಓದಿಸಿ ಕೇಳಬೇಕು, ಕೊಟ್ಟವರನ್ನ ಕೇಳಬೇಕು.

ದೊಡ್ಡಮ್ಮ ಅವತ್ತಿನ ಸೂಜಿಯನ್ನ ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆ ಚರ್ಮ ಹಿಡಿದು ಚುಚ್ಕೊಂಡು, ಹತ್ತರವರೆಗೆ ಎಣಿಸಿ ತೆಗೆದರು. ಹಳೆಯ ಹಾಲಿನ ಪುಡಿ ಡಬ್ಬಕ್ಕೆ ಸೂಜಿ ಹಾಕಿ ಮುಚ್ಚಿದರು. ತುಂಬಿದ ಮೇಲೆ ಅದು ಆಸ್ಪತ್ರೆಗೆ, ತಿಪ್ಪೆಗಲ್ಲ. ಎದ್ದು ಹೊರಡುವಾಗ ಇನ್ನೊಂದು ಹೇಳಿ ಬಂದೆ: ಚುಚ್ಕೊಂಡ ಮೇಲೆ ಒಳಗೆ ಗುಳ್ಳೆ ಇತ್ತು ಅಂತ ನೆನಪಾದರೆ ಅಂದಾಜಿನ ಮೇಲೆ ಮತ್ತೆ ಎರಡು ಯೂನಿಟ್ ಚುಚ್ಕೋಬೇಡಿ, ಸಕ್ಕರೆ ಇಳಿದು ಬಿದ್ದುಬಿಡ್ತೀರಿ. ಮುಂದಿನ ಹೊತ್ತಿಗೆ ಸರಿಯಾಗಿ ಎಳೆದುಕೊಂಡರಾಯಿತು, ನಡುವೆ ಒಮ್ಮೆ ಸಕ್ಕರೆ ನೋಡಿಕೊಂಡರಾಯಿತು.

ರಾತ್ರಿ ಊಟಕ್ಕೆ ಮುಂಚೆ ಚಪ್ಪಡಿಯ ಆಚೆಯಿಂದ ಕೂಗು. "ತಾಯೀ, ಹತ್ತು ಎಳೆದಿದೀನಿ, ನೋಡ್ಬಾ." ಬೀದಿದೀಪದ ಬೆಳಕಿಗೆ ಹಿಡಿದು ತೋರಿಸಿದರು. ಹತ್ತರ ಗೆರೆ, ತುಂಬ ಬಿಳಿ, ಗುಳ್ಳೆ ಇಲ್ಲ. "ನೋಡ್ದೆ ದೊಡ್ಡಮ್ಮ, ಹಾಕ್ಕೊಳ್ಳಿ" ಅಂದೆ. ಆವತ್ತಿನಿಂದ ಒಂದು ಹೊತ್ತೂ ತಪ್ಪಿಲ್ಲ.

ಇನ್ಸುಲಿನ್ ಬರೆದುಕೊಡುವ ಡಾಕ್ಟರುಗಳಲ್ಲಿ, ನರ್ಸಮ್ಮಂದಿರಲ್ಲಿ, ಮನೆಮನೆಗೆ ಬರುವ ಆಶಾ ಅಕ್ಕಂದಿರಲ್ಲಿ ನಾನು ಕೈಮುಗಿದು ಕೇಳೋದು ಒಂದೇ. ಮೊದಲ ಸಲ ಬಾಟಲಿ ಕೊಡುವಾಗ ರೋಗಿಯ ಕೈಯಿಂದಲೇ ಎಳೆಸಿ. ಗುಳ್ಳೆ ಬರಲಿ. ಅದನ್ನ ಅವರೇ ಮೀಟಿ, ಅವರೇ ವಾಪಸು ಬಾಟಲಿಗೆ ತಳ್ಳುವುದನ್ನ ನಿಮ್ಮ ಕಣ್ಣಾರೆ ನೋಡಿ ಆಮೇಲೆ ಮನೆಗೆ ಕಳಿಸಿ. ಐದು ನಿಮಿಷದ ಕೆಲಸ.